ಗೋಲ್ ಕಂಬಗಳ ನಡುವಿನ ಗುಳಿ

ಹೈಸ್ಕೂಲು ಮತ್ತು ಪಿಯುಸಿಯ ಐದು ವರ್ಷ ನಾನು ಕೊಡಗಿನ ಒಂದು ಕ್ರೀಡಾ ಹಾಸ್ಟೆಲಿನಲ್ಲಿದ್ದೆ. ಅದರ ಹೆಸರು ಇಲ್ಲಿ ಮುಖ್ಯವಲ್ಲ. ಬೆಳಿಗ್ಗೆ ಐದೂವರೆಗೆ ವಿಷಲ್ ಕೇಳಿಸಿದರೆ ಆರಕ್ಕೆ ಮೈದಾನದಲ್ಲಿರಬೇಕಿತ್ತು. ಕೆಂಪು ಮಣ್ಣಿನ ಮೈದಾನ. ಒಂದು ಬದಿಗೆ ಸಿಲ್ವರ್ ಓಕ್ ಮರಗಳ ಸಾಲು, ಅದರಾಚೆ ಕಾಫಿ ತೋಟ. ಚೆಂಡು ಬೇಲಿ ದಾಟಿದರೆ ಹೊಡೆದವಳೇ ಹೋಗಿ ಹುಡುಕಿ ತರಬೇಕು. ಮಳೆಗಾಲದಲ್ಲಿ ಚೆಂಡಿನ ಜೊತೆ ಕಾಲಿಗೆ ನಾಲ್ಕು ಜಿಗಣೆಗಳೂ ಅಂಟಿಕೊಂಡು ಬರುತ್ತಿದ್ದವು. ಡಿಸೆಂಬರಿನ ಮಂಜಿನಲ್ಲಿ ಎದುರಿನ ಗೋಲ್ ಕಂಬ ಕಾಣುತ್ತಿರಲಿಲ್ಲ. ಚೆಂಡು ಹಲಗೆಗೆ ಬಡಿದ ಸದ್ದು ಕೇಳಿ ಗೋಲಾಯಿತೆಂದು ತಿಳಿದುಕೊಳ್ಳುತ್ತಿದ್ದೆವು.

ಆ ಮೈದಾನದ ಎರಡೂ ಗೋಲುಗಳ ಮುಂದೆ ಒಂದೊಂದು ಗುಳಿಯಿತ್ತು. ಯಾರೂ ತೋಡಿದ್ದಲ್ಲ. ವರ್ಷಗಟ್ಟಲೆ ಗೋಲ್‌ಕೀಪರುಗಳು ಅದೇ ಜಾಗದಲ್ಲಿ ನಿಂತು, ಹಿಮ್ಮಡಿ ಊರಿ, ಪಕ್ಕಕ್ಕೆ ಜಿಗಿದು ನೆಲ ಸವೆದಿತ್ತು. ಮಳೆ ಬಂದ ಮರುದಿನ ಅದರಲ್ಲಿ ನಿಂತ ನೀರನ್ನು ಮಗ್ಗಿನಲ್ಲಿ ತೋಡಿ ಹೊರಹಾಕಿ, ಬುಟ್ಟಿಯಲ್ಲಿ ಮಣ್ಣು ತಂದು ತುಂಬುವುದು ಕಿರಿಯರ ಕೆಲಸ. ಎರಡು ವಾರದಲ್ಲಿ ಗುಳಿ ಮತ್ತೆ ಮೂಡುತ್ತಿತ್ತು.

ನಮ್ಮ ಕಾಲದಲ್ಲಿ ಆ ಗುಳಿಯಲ್ಲಿ ನಿಲ್ಲುತ್ತಿದ್ದವಳನ್ನು ಎಲ್ಲರೂ 'ಗೋಲಿ' ಎಂದೇ ಕರೆಯುತ್ತಿದ್ದೆವು. ಈ ಬರಹದಲ್ಲೂ ಹಾಗೇ ಕರೆಯುತ್ತೇನೆ. ಅವಳ ಅಪ್ಪ ಅಮ್ಮ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿದ್ದರು. ಅವಳಷ್ಟು ಒಳ್ಳೆಯ ಕೀಪರನ್ನು ನಾನು ಆಮೇಲೆ ನೋಡಿಲ್ಲ. ಪೆನಾಲ್ಟಿ ಸ್ಟ್ರೋಕ್ ಸಿಕ್ಕಿದಾಗ ಹೊಡೆಯಬೇಕಾದವಳೇ ಹೆದರುವಂತೆ ನಿಲ್ಲುತ್ತಿದ್ದಳು. ಐದು ವರ್ಷ ಒಂದೇ ಕೋಣೆ, ಒಂದೇ ಬಕೆಟ್, ಒಂದೇ ತಟ್ಟೆಯ ಉಪ್ಪಿನಕಾಯಿ. ಪಿಯುಸಿ ಮುಗಿಯಿತು, ಟ್ರಂಕು ಹೊತ್ತುಕೊಂಡು ಹೊರಟೆವು. ನಾನು ಪದವಿಗೆಂದು ಮೈಸೂರಿಗೆ ಹೋದೆ. ಅವಳು ಎಲ್ಲಿಗೆ ಹೋದಳೆಂದು ಮೊದಲ ವರ್ಷ ವಿಚಾರಿಸಿದೆ, ಎರಡನೇ ವರ್ಷ ವಿಚಾರಿಸಲಿಲ್ಲ.

ಈಚೆಗೆ ಒಂದು ಬೇಸಿಗೆಯಲ್ಲಿ ಅವಳು ಮತ್ತೆ ಸಿಕ್ಕಿದಳು. ಕೊಡವ ಕುಟುಂಬಗಳ ಹಾಕಿ ಉತ್ಸವ ನಡೆಯುತ್ತಿತ್ತು. ನಮ್ಮ ಒಕ್ಕದ ತಂಡ ಮೊದಲ ಸುತ್ತಿನಲ್ಲೇ ಮೂರು ಗೋಲುಗಳಿಂದ ಸೋತಿತ್ತು. ಸೈನ್ಯದಿಂದ ನಿವೃತ್ತರಾಗಿ ಬಂದಿದ್ದ ನಮ್ಮ ಕುಂಞಪ್ಪ ಅಂದು ಗೋಲ್‌ಕೀಪರ್. ನಾನು ಶಿನ್‌ಗಾರ್ಡ್ ಬಿಚ್ಚುತ್ತಾ ಕೂತಿದ್ದಾಗ ಯಾರೋ ಬೆನ್ನು ತಟ್ಟಿದರು. ನೋಡಿದರೆ ಗೋಲಿ. ಹಿಂದೆ ಯೂನಿಫಾರ್ಮಿನ ಹತ್ತು ಹನ್ನೆರಡು ಮಕ್ಕಳು. ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದಾಳಂತೆ, ಮಕ್ಕಳಿಗೆ ಆಟ ತೋರಿಸಲು ಕರೆದುಕೊಂಡು ಬಂದಿದ್ದಳು.

"ನಿಮ್ಮ ಕೀಪರ್ ಲೈನ್ ಬಿಟ್ಟು ಮುಂದಕ್ಕೆ ಬರೋದೇ ಇಲ್ವಲ್ಲೇ" ಎಂದಳು, ಹತ್ತು ವರ್ಷದ ನಂತರದ ಮೊದಲ ಮಾತಾಗಿ.

"ನಮ್ಮ ಕುಂಞಪ್ಪ ಕಣೇ. ಐವತ್ನಾಲ್ಕು ವರ್ಷ ಅವರಿಗೆ."

"ಆದ್ರೂ ಎರಡನೇ ಗೋಲು ಬಿಡಬಾರದಿತ್ತು."

"ನೀನು ನಿಂತಿದ್ದಿದ್ರೆ ಮೂರೂ ತಡೀತಿದ್ದೆ ಬಿಡು."

ಅಂದ ಮೇಲೆ ನನಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಅವಳು ನಕ್ಕಳು. "ನಾನು ಹೆಂಗೆ ನಿಂತ್ಕೊಳ್ಳಲಿ? ನಂಗೇನು ಮನೆಪೆದ ಇದ್ಯಾ?" ಮಾತಿನಲ್ಲಿ ಕಹಿಯೇನೂ ಇರಲಿಲ್ಲ. ಆಮೇಲೆ ಕೇಳಿದಳು: "ನಮ್ಮ ಟೀಮಿನವರು ಯಾರಾದ್ರೂ ಸಿಗ್ತಾರಾ?"

ನಾನು ಗ್ಯಾಲರಿಯ ಕಡೆ ಕೈತೋರಿಸಿ "ಎಲ್ಲಾ ಅಲ್ಲೇ ಇದ್ದಾರಲ್ಲ" ಎಂದೆ. ಅಲ್ಲಿ ಕೂತಿದ್ದವರು ನನ್ನ ಒಕ್ಕದವರು. ಅವಳು ಕೇಳಿದ್ದು ಹಾಸ್ಟೆಲಿನ ತಂಡವನ್ನು. ಅರ್ಥವಾಗಲು ನನಗೆ ಎರಡು ಕ್ಷಣ ಬೇಕಾಯಿತು. ಅಷ್ಟರಲ್ಲಿ ಅವಳ ಬಸ್ಸಿಗೆ ಹೊತ್ತಾಗಿತ್ತು. ನಂಬರ್ ಕೊಟ್ಟು, ಮಕ್ಕಳ ತಲೆ ಎಣಿಸುತ್ತಾ ಹೊರಟಳು.

'ನಮ್ಮ ಟೀಮು' ಎಂಬ ಎರಡು ಪದ ಕೇಳಿದಾಗ ಅವಳಿಗೆ ಒಂದು ತಂಡ ನೆನಪಾಯಿತು, ನನಗೆ ಇನ್ನೊಂದು. ಅಂದಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು: ಒಂದು ಗೊತ್ತಾದ ಅವಧಿಗೆ ಮಾತ್ರ 'ನಾವು' ಆಗಿದ್ದವರಿಗೆ, ಆ ಅವಧಿ ಮುಗಿದ ಮೇಲೆ ನಾವು ಏನಾದರೂ ಬಾಕಿ ಇದ್ದೇವೆಯೇ?

*

ಕಿರಿಯರ ತಂಡಗಳಿಗೆ ಒಂದು ವಿಚಿತ್ರ ಗುಣವಿದೆ. ಆಟಗಾರರನ್ನು ಕಳೆದುಕೊಳ್ಳುವುದೇ ಅವುಗಳ ನಿಯಮ. ಅಂತರರಾಷ್ಟ್ರೀಯ ಹಾಕಿಯಲ್ಲಿ ಜೂನಿಯರ್ ವಿಶ್ವಕಪ್ ಆಡಬೇಕಾದರೆ ವಯಸ್ಸು 21ರ ಒಳಗಿರಬೇಕು. ಶಾಲೆ, ಹಾಸ್ಟೆಲುಗಳಲ್ಲಿ ಮಿತಿ ಇನ್ನೂ ಬೇಗ ಬರುತ್ತದೆ. ಹಿರಿಯರ ತಂಡದಲ್ಲಿ ಆಟಗಾರ ಆಡಲಾರದೆ ಹೊರಬೀಳುತ್ತಾನೆ. ಇಲ್ಲಿ ಚೆನ್ನಾಗಿ ಆಡಲು ಕಲಿತ ಹೊತ್ತಿಗೆ ಹೊರಗೆ ಕಳಿಸುತ್ತಾರೆ. ನಾಲ್ಕೈದು ವರ್ಷ ಕಳೆದರೆ ಹಳಬರು ಒಬ್ಬರೂ ಇರುವುದಿಲ್ಲ, ಆದರೂ ತಂಡ ಇರುತ್ತದೆ. ಅದೇ ಹೆಸರು, ಅದೇ ಜೆರ್ಸಿಯ ಬಣ್ಣ.

ಗ್ರೀಕರ ಥೀಸಿಯಸ್‌ನ ಹಡಗಿನ ಕತೆ ತತ್ತ್ವಶಾಸ್ತ್ರದ ವಿದ್ಯಾರ್ಥಿಗಳಿಗೆ ಗೊತ್ತೇ ಇದೆ. ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತಾ ಹೋದರೆ ಕೊನೆಗೆ ಉಳಿಯುವುದು ಅದೇ ಹಡಗೋ, ಬೇರೆಯೋ? ನನಗೆ ಅದಕ್ಕಿಂತ ಹತ್ತಿರದ್ದೆನಿಸುವುದು 'ಮಿಲಿಂದ ಪ್ರಶ್ನೆ'ಯ ದೀಪ. ರಾತ್ರಿಯ ಮೊದಲ ಜಾವದಲ್ಲಿ ಉರಿದ ಜ್ವಾಲೆ ಮತ್ತು ಕೊನೆಯ ಜಾವದ ಜ್ವಾಲೆ ಒಂದೆಯೇ ಎಂಬ ಚರ್ಚೆ ಅಲ್ಲಿ ಬರುತ್ತದೆ. ಅದೇ ಎನ್ನುವಂತಿಲ್ಲ, ಬೇರೆ ಎನ್ನುವಂತೆಯೂ ಇಲ್ಲ ಎಂಬುದು ನಾಗಸೇನನ ನಿಲುವು. ಹಡಗಿಗಿಂತ ದೀಪ ಹಾಸ್ಟೆಲ್ ತಂಡಕ್ಕೆ ಹೆಚ್ಚು ಒಪ್ಪುತ್ತದೆ. ಹಡಗಿನ ಹಲಗೆಗಳಿಗೆ ಒಂದಕ್ಕೊಂದು ಏನನ್ನೂ ದಾಟಿಸುವ ಕೆಲಸವಿಲ್ಲ. ದೀಪದಲ್ಲಿ ಒಂದು ಜ್ವಾಲೆ ಇನ್ನೊಂದನ್ನು ಹೊತ್ತಿಸಿ ಆರುತ್ತದೆ. ಹಿರಿಯಳು ಕಿರಿಯಳಿಗೆ ಸ್ಟಿಕ್ಕಿಗೆ ಗ್ರಿಪ್ ಸುತ್ತುವುದನ್ನು, ವಾರ್ಡನ್ ಕಣ್ಣುತಪ್ಪಿಸುವುದನ್ನು ಕಲಿಸಿ ಹೋಗುತ್ತಾಳೆ.

ಆದರೆ ಈ ದೃಷ್ಟಾಂತ ಜ್ವಾಲೆಯ ಬಗ್ಗೆ ಹೇಳುತ್ತದೆ. ಉರಿದು ಹೋದ ಎಣ್ಣೆಯ ಬಗ್ಗೆ ಅಲ್ಲಿ ಪ್ರಶ್ನೆಯಿಲ್ಲ.

ನನ್ನ ಸಂಶೋಧನೆಯ ವಿಷಯ ಕೊಡಗಿನ ಒಕ್ಕಗಳ ಮೌಖಿಕ ಚರಿತ್ರೆ. ಐನ್‌ಮನೆಗಳಿಗೆ ಹೋಗಿ ಹಿರಿಯರ ಮುಂದೆ ಕುಳಿತು, ರೆಕಾರ್ಡರ್ ಇಟ್ಟು, ಏಳೆಂಟು ತಲೆಮಾರಿನ ಹೆಸರುಗಳನ್ನು ಬರೆದುಕೊಳ್ಳುವುದು ನನಗೆ ಅಭ್ಯಾಸವಾಗಿದೆ. ಗೋಲಿಯನ್ನು ಕಂಡ ಮೇಲೆ ಅದೇ ಕೆಲಸವನ್ನು ನಮ್ಮ ಹಾಸ್ಟೆಲ್ ತಂಡಕ್ಕೂ ಮಾಡೋಣವೆಂದು ಹೋದೆ. ಗಾಜಿನ ಬೀರುವಿನಲ್ಲಿ ಶೀಲ್ಡುಗಳಿದ್ದವು. ಅವುಗಳ ಮೇಲೆ ಪಂದ್ಯಾವಳಿಯ ಹೆಸರು, ವರ್ಷ, 'ವಿಜೇತರು' ಎಂಬ ಪದ. ಆಡಿದವರ ಹೆಸರಿಲ್ಲ. ಒಂದು ಸ್ಟಾಕ್ ರಿಜಿಸ್ಟರ್ ಸಿಕ್ಕಿತು. ಯಾವ ವರ್ಷ ಎಷ್ಟು ಸ್ಟಿಕ್ಕು ಬಂತು, ಎಷ್ಟು ಮುರಿಯಿತು, ಕೀಪರಿನ ಪ್ಯಾಡು ಯಾವಾಗ ರದ್ದಿಗೆ ಹೋಯಿತು ಎಲ್ಲ ಅದರಲ್ಲಿದೆ. ಮುರಿದ ಸ್ಟಿಕ್ಕಿಗೂ ಒಂದು ಸಾಲಿದೆ, ಹುಡುಗಿಯರಿಗಿಲ್ಲ. ಇದಕ್ಕೆ ಯಾರನ್ನೂ ದೂರುವಂತಿಲ್ಲ. ಕಚೇರಿಗಳು ಸರಕನ್ನು ಎಣಿಸುತ್ತವೆ. ಹಳೆಯ ಹಾಜರಿ ಪುಸ್ತಕಗಳನ್ನು ಎಷ್ಟು ವರ್ಷ ಇಟ್ಟುಕೊಳ್ಳಲು ಸಾಧ್ಯ?

ಮೈದಾನಕ್ಕೆ ಹೋದೆ. ಅದನ್ನು ಎತ್ತರಿಸಿ, ಸಮತಟ್ಟು ಮಾಡಿ, ರೋಲರ್ ಹೊಡೆಸಿದ್ದರು. ಗೋಲ್ ಕಂಬಗಳನ್ನೂ ಬೇರೆ ಕಡೆ ನೆಟ್ಟಿದ್ದರು. ಗುಳಿ ಇರಲಿಲ್ಲ.

*

ಗೋಲಿಗೆ ಸೇರಲಾಗದ, ನನಗೆ ಹುಟ್ಟಿನಿಂದಲೇ ಸಿಕ್ಕ ಆ ಇನ್ನೊಂದು ತಂಡದ ಕತೆಯನ್ನೂ ಹೇಳಬೇಕು.

ಕೊಡವರಲ್ಲಿ ಒಕ್ಕವೆಂದರೆ ಒಬ್ಬ ಮೂಲಪುರುಷನಿಂದ ಬಂದ ಕುಟುಂಬ. ಅದಕ್ಕೊಂದು ಹೆಸರು, ಅದೇ ಮನೆಪೆದ. ಅದಕ್ಕೊಂದು ಐನ್‌ಮನೆ. ಪಾಂಡಂಡ ಕುಟ್ಟಪ್ಪನವರು ತಮ್ಮ ಸಹೋದರ ಕಾಶಿಯವರ ಜೊತೆ ಸೇರಿ 1997ರಲ್ಲಿ ಕರಡ ಗ್ರಾಮದಲ್ಲಿ ಈ ಒಕ್ಕಗಳ ನಡುವೆ ಹಾಕಿ ಪಂದ್ಯಾವಳಿಯನ್ನು ಆರಂಭಿಸಿದರು. ಕೆಲಸ ಹುಡುಕಿಕೊಂಡು ಊರು ಬಿಟ್ಟ ಮಕ್ಕಳು, ಸೈನ್ಯಕ್ಕೆ ಹೋದವರು, ಬೆಂಗಳೂರು ಸೇರಿದವರು ವರ್ಷಕ್ಕೊಮ್ಮೆಯಾದರೂ ಒಂದೇ ಜೆರ್ಸಿಯಲ್ಲಿ ಸೇರಲಿ ಎಂಬ ಆಶಯ. ಆ ವರ್ಷ 60 ತಂಡಗಳು ಆಡಿದವು. 2018ರಲ್ಲಿ ನಾಪೋಕ್ಲುವಿನ ಕುಲ್ಲೇಟಿರ ಕಪ್ ಹೊತ್ತಿಗೆ ಸಂಖ್ಯೆ 300 ದಾಟಿತ್ತು. 2024ರ ಕುಂಡ್ಯೋಳಂಡ ಕಪ್‌ನಲ್ಲಿ 360 ತಂಡಗಳಾಗಿ ಗಿನ್ನೆಸ್ ದಾಖಲೆಗೆ ಸೇರಿತು. 2025ರಲ್ಲಿ ಮಡಿಕೇರಿಯಲ್ಲಿ ನಡೆದ ಮುದ್ದಂಡ ಕಪ್ 25ನೇ ಉತ್ಸವ. ಅದರಲ್ಲಿ 396 ತಂಡಗಳು. ಸೋತವರು ಹೊರಗೆ ಹೋಗುವ ಪದ್ಧತಿಯಾದ್ದರಿಂದ ಒಬ್ಬರು ಗೆಲ್ಲಬೇಕಾದರೆ 395 ಕುಟುಂಬಗಳು ಸೋಲಬೇಕು. ಆದರೂ ತಿಂಗಳುಗಟ್ಟಲೆ ಗ್ಯಾಲರಿಯಲ್ಲಿ ಹಬ್ಬವೇ ಇರುತ್ತದೆ. ಅಜ್ಜ ಮೊಮ್ಮಗ ಒಂದೇ ತಂಡದಲ್ಲಿ ಆಡುತ್ತಾರೆ, ಹೆಂಗಸರು ಗಂಡಸರ ಜೊತೆಯಲ್ಲೇ ಆಡುತ್ತಾರೆ. ಮದುವೆಯಾದ ಹೆಣ್ಣು ತವರಿನ ಪರವಾಗಿಯಾದರೂ ಆಡಬಹುದು, ಗಂಡನ ಒಕ್ಕದ ಪರವಾಗಿಯಾದರೂ ಆಡಬಹುದು. ನನ್ನ ಅವ್ವ ಒಂದೇ ಒಂದು ಸಲ ಆಡಿದ್ದು, ಅದೂ ತವರಿನ ಪರವಾಗಿ. ಅಪ್ಪ ಇವತ್ತಿಗೂ ಅದನ್ನು ಹೇಳಿ ರೇಗಿಸುತ್ತಾರೆ.

ಈ ಉತ್ಸವಕ್ಕೆ ಸ್ವಂತ ಅಂಗಳವಿಲ್ಲ. ಪ್ರತಿ ವರ್ಷ ಒಂದು ಒಕ್ಕ ಆತಿಥ್ಯ ವಹಿಸುತ್ತದೆ, ಕಪ್ಪಿಗೆ ಆ ಒಕ್ಕದ ಹೆಸರೇ ಬರುತ್ತದೆ. ಕರಡ, ವಿರಾಜಪೇಟೆ, ಮಡಿಕೇರಿ, ನಾಪೋಕ್ಲು ಹೀಗೆ ಅಂಗಳ ಸಂಚರಿಸುತ್ತದೆ. ಕಂಬ ನೆಟ್ಟು ತಾತ್ಕಾಲಿಕ ಗ್ಯಾಲರಿ ಕಟ್ಟುತ್ತಾರೆ, ಸುಣ್ಣದ ಗೆರೆ ಎಳೆಯುತ್ತಾರೆ, ಫೈನಲ್ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚುತ್ತಾರೆ. ಜೂನಿನ ಮಳೆ ಬರುವ ಹೊತ್ತಿಗೆ ಅದು ಮತ್ತೆ ದನ ಮೇಯುವ, ಹುಡುಗರು ಆಡುವ ಬಯಲು.

ವಚನಕಾರರು ಕನ್ನಡಕ್ಕೆ ಕೊಟ್ಟ ಸ್ಥಾವರ-ಜಂಗಮ ಎಂಬ ಜೋಡಿ ಇಲ್ಲಿ ನನಗೆ ಉಪಯೋಗಕ್ಕೆ ಬರುತ್ತದೆ. ಹಾಸ್ಟೆಲಿನಲ್ಲಿ ಮೈದಾನ ಸ್ಥಾವರ, ಮಕ್ಕಳು ಜಂಗಮ. ಉತ್ಸವದಲ್ಲಿ ಮೈದಾನವೇ ಜಂಗಮ, ಒಕ್ಕದ ಹೆಸರು ಸ್ಥಾವರ. ಹಾಗಾಗಿಯೇ ಒಂದು ತಂಡ ಮೈದಾನವನ್ನು ಸಮತಟ್ಟು ಮಾಡಿದೊಡನೆ ಕಾಣೆಯಾಗುತ್ತದೆ, ಇನ್ನೊಂದು ಮೈದಾನವಿಲ್ಲದೆಯೂ ಉಳಿಯುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಊರೂರುಗಳೇ ಖಾಲಿಯಾದವು. ಅದರ ಬೆನ್ನಿಗೆ ಕೋವಿಡ್ ಬಂತು. ನಾಲ್ಕು ವರ್ಷ ಉತ್ಸವ ನಡೆಯಲಿಲ್ಲ. 2023ರಲ್ಲಿ ನಾಪೋಕ್ಲುವಿನಲ್ಲಿ ಅಪ್ಪಚೆಟ್ಟೋಳಂಡ ಕಪ್ ನಡೆದಾಗ ಹಿಂದಿನಷ್ಟೇ ತಂಡಗಳು, ಅದಕ್ಕಿಂತ ಹೆಚ್ಚೇ, ಬಂದು ನಿಂತವು. ನಾಲ್ಕು ವರ್ಷ ಎಲ್ಲಿದ್ದವು ಆ ತಂಡಗಳು? ಮನೆಗಳಲ್ಲಿದ್ದವು. ಹೆಸರುಗಳಲ್ಲಿದ್ದವು.

*

ಅಂಗಳ ಹೋದರೆ ಕಿರಿಯರ ತಂಡ ಏನಾಗುತ್ತದೆ ಎಂಬುದನ್ನು ಚೆನ್ನಾಗಿ ಬಲ್ಲವರು ಕೆನಡಾದವರು. ಅಲ್ಲಿ ಹಾಕಿ ಎಂದರೆ ಐಸ್ ಹಾಕಿ. 16ರಿಂದ 20 ವಯಸ್ಸಿನ ಹುಡುಗರ ಜೂನಿಯರ್ ತಂಡಗಳನ್ನು ನೋಡಲು ಸಣ್ಣ ಪಟ್ಟಣಗಳು ಚಳಿಗಾಲವಿಡೀ ಸೇರುತ್ತವೆ. ಒಳಾಂಗಣದಲ್ಲಿ ಕೃತಕವಾಗಿ ಹೆಪ್ಪುಗಟ್ಟಿಸಿದ ಮಂಜುಗಡ್ಡೆಯ ಅಂಗಳ ಬೇಕಾದ್ದರಿಂದ ತಂಡದ ಹಣೆಬರಹ ಕಟ್ಟಡಕ್ಕೆ ಅಂಟಿಕೊಂಡಿರುತ್ತದೆ. ಒಂಟಾರಿಯೋ ಪ್ರಾಂತ್ಯದ ಓಷಾವಾ ಜನರಲ್ಸ್ ತಂಡದ ಅಂಗಳ 1953ರಲ್ಲಿ ಬೆಂಕಿಗೆ ಆಹುತಿಯಾಯಿತು. ತಂಡವೂ ನಿಂತುಹೋಯಿತು. 1962ರಲ್ಲಿ ಅದೇ ಹೆಸರಿನಲ್ಲಿ ಮತ್ತೆ ಶುರುವಾದಾಗ ಊರಿನಲ್ಲಿ ಇನ್ನೂ ಹೊಸ ಅಂಗಳವಿರಲಿಲ್ಲ, ಬೇರೆ ಊರಿನಲ್ಲಿ ಆಡಬೇಕಾಯಿತು. ಒಂಬತ್ತು ವರ್ಷದಲ್ಲಿ ಹಳೆಯ ಹುಡುಗರೆಲ್ಲ ವಯಸ್ಸು ಮೀರಿದ್ದರು. ಒಬ್ಬ ಆಟಗಾರನೂ ಇಲ್ಲ, ಅಂಗಳವೂ ಇಲ್ಲ, ಹೆಸರೊಂದು ಇದೆ. ಊರಿನವರು ಅದನ್ನು ನಮ್ಮದೇ ಹಳೆಯ ತಂಡವೆಂದು ಒಪ್ಪಿಕೊಂಡರು. ಬಾಬಿ ಆರ್ ಎಂಬ ಹುಡುಗ ಹದಿನಾಲ್ಕನೇ ವಯಸ್ಸಿಗೆ ಈ ತಂಡ ಸೇರಿದ. ಮುಂದೆ ಅವನು ಆ ಆಟದ ದಂತಕತೆಯೇ ಆದ.

ಇನ್ನೊಂದು ಬಗೆಯೂ ಅಲ್ಲಿದೆ. ಬ್ರಾಂಪ್ಟನ್ ಎಂಬ ಊರಿನ 'ಬೆಟಾಲಿಯನ್' ತಂಡವನ್ನು 2013ರಲ್ಲಿ ನಾರ್ತ್ ಬೇ ಎಂಬ ಊರಿಗೆ ಸ್ಥಳಾಂತರಿಸಿದರು. ಹೆಸರು ಹೋಯಿತು, ಹಿಂದಿನ ಊರಿಗೆ ನೆನಪು ಮಾತ್ರ ಉಳಿಯಿತು. ಹೆಸರನ್ನು ಹೊತ್ತು ಸಾಗಿಸಬಹುದು, ಆದರೆ ಅದರ ಕೆಳಗೆ ಬೆಳೆದವರನ್ನು ಹಾಗೆ ಸಾಗಿಸಲಾಗುವುದಿಲ್ಲ.

ಆದರೆ ಅವರಿಂದ ನಾನು ಕಲಿತದ್ದು ಬೇರೆ ಎರಡು ಸಂಗತಿ. ಒಂದು, ಅವರ ಜೂನಿಯರ್ ಹಾಕಿಯ ಅತಿ ದೊಡ್ಡ ಕಪ್ಪಿನ ಹೆಸರು ಮೆಮೋರಿಯಲ್ ಕಪ್, ಎಂದರೆ ಸ್ಮಾರಕ. ಮೊದಲ ಮಹಾಯುದ್ಧದಲ್ಲಿ ಸತ್ತ ಸೈನಿಕರ ನೆನಪಿಗೆ 1919ರಲ್ಲಿ ಆರಂಭವಾದದ್ದು. ಕಿಚನರ್ ಎಂಬ ಊರಿನ ಜೂನಿಯರ್ ತಂಡದ ಅಂಗಳವೂ ಯುದ್ಧದಲ್ಲಿ ಮಡಿದವರ ಸ್ಮಾರಕವಾಗಿ 1951ರಲ್ಲಿ ಕಟ್ಟಿದ್ದು. ಮೈದಾನಕ್ಕೆ ಜನರಲ್ ತಿಮ್ಮಯ್ಯನವರ ಹೆಸರಿಟ್ಟ ಕೊಡಗಿನವರಿಗೆ ಇದು ಹೊಸದಲ್ಲ. ಎರಡನೆಯದು, ದೂರದಿಂದ ಬಂದ ಆಟಗಾರ ಹುಡುಗರನ್ನು ಊರಿನ ಸಾಮಾನ್ಯ ಕುಟುಂಬಗಳು ತಮ್ಮ ಮನೆಯಲ್ಲೇ ಇಟ್ಟುಕೊಳ್ಳುವ ಪದ್ಧತಿ. ಎರಡೋ ಮೂರೋ ವರ್ಷ ಒಂದು ಕೋಣೆ, ಊಟ, ಬೈಗುಳ, ಹುಟ್ಟುಹಬ್ಬ. ವಯಸ್ಸು ಮೀರಿದಾಗ ಹುಡುಗ ಹೋಗುತ್ತಾನೆ, ಆ ಕೋಣೆಗೆ ಇನ್ನೊಬ್ಬ ಬರುತ್ತಾನೆ. ಅವಧಿ ಇದ್ದ ಮಾತ್ರಕ್ಕೆ ಸಂಬಂಧ ಸುಳ್ಳಾಗುವುದಿಲ್ಲ ಎಂಬುದನ್ನು ಆ ಮನೆಯವರು ಯಾವ ತತ್ತ್ವಶಾಸ್ತ್ರವೂ ಇಲ್ಲದೆ ಒಪ್ಪಿಕೊಂಡಿರುತ್ತಾರೆ.

*

ಈಗ ಗೋಲಿಯ ಮಾತಿಗೆ ಬರುತ್ತೇನೆ. ಮನೆಪೆದವಿಲ್ಲದವಳು ಒಕ್ಕದ ತಂಡದಲ್ಲಿ ನಿಲ್ಲುವಂತಿಲ್ಲ. ಇದು ಅನ್ಯಾಯವೇ?

ಅನ್ಯಾಯ ಎಂದು ಬರೆದುಬಿಡುವುದು ನನ್ನಂಥವರಿಗೆ ಸುಲಭ, ವಿಶ್ವವಿದ್ಯಾಲಯದಲ್ಲಿ ಚಪ್ಪಾಳೆಯೂ ಸಿಕ್ಕೀತು. ಆದರೆ ನನಗೆ ಹಾಗನ್ನಿಸುವುದಿಲ್ಲ. ಮನೆಯವರು ಸೇರುವ ಹಬ್ಬಕ್ಕೆ ಮನೆಯವರು ಸೇರುತ್ತಾರೆ. ನಮ್ಮದು ಸಣ್ಣ ಸಮುದಾಯ. ಐನ್‌ಮನೆಗಳು ಬೀಗ ಹಾಕಿಕೊಳ್ಳುತ್ತಿರುವ ಕಾಲದಲ್ಲಿ, ಹಾಕಿಯ ನೆಪದಲ್ಲಿ ಒಕ್ಕಗಳು ಮತ್ತೆ ಒಂದೆಡೆ ಕೂರುತ್ತಿವೆ. ಅರೆಭಾಷೆ ಗೌಡ ಕುಟುಂಬಗಳೂ ಇದೇ ರೀತಿ ಕ್ರಿಕೆಟ್ ಪಂದ್ಯಾವಳಿ ನಡೆಸುತ್ತವೆ. ಜಗತ್ತಿನ ಎಲ್ಲ ಮೈದಾನಗಳೂ ಎಲ್ಲರಿಗೂ ಎಲ್ಲ ಹೊತ್ತಿನಲ್ಲೂ ತೆರೆದಿರಬೇಕೆಂದರೆ ಹಬ್ಬ ಎಂಬ ಮಾತಿಗೇ ಅರ್ಥವಿರುವುದಿಲ್ಲ.

ತಪ್ಪು ಇರುವುದು ಬೇರೆ ಕಡೆ. ನನ್ನ ಬಾಯಲ್ಲಿ 'ನಮ್ಮ ಟೀಮು' ಎಂಬ ಮಾತಿನ ಅರ್ಥ ನನಗೇ ತಿಳಿಯದಂತೆ ಬದಲಾಗಿತ್ತಲ್ಲ, ಅಲ್ಲಿ. ಒಕ್ಕ ನನ್ನನ್ನು ನೆನಪಿಟ್ಟುಕೊಳ್ಳುತ್ತದೆ, ನಾನು ಏನೂ ಮಾಡಬೇಕಿಲ್ಲ. ವರ್ಷಕ್ಕೊಮ್ಮೆ ಕಾರಣಂಗ್ ಕೊಡುವಾಗ ಹೆಸರೇ ಗೊತ್ತಿಲ್ಲದ ಹಿರಿಯರಿಗೂ ಎಡೆ ಸಲ್ಲುತ್ತದೆ. ರಕ್ತದ ತಂಡಕ್ಕೆ ನೆನಪು ಒಂದು ವ್ಯವಸ್ಥೆಯಾಗಿ ಇದೆ. ಹಾಸ್ಟೆಲಿನ ತಂಡಕ್ಕೆ ಐನ್‌ಮನೆಯಿಲ್ಲ, ಕಾರಣಂಗ್ ಇಲ್ಲ. ಅದನ್ನು ನೆನಪಿಟ್ಟುಕೊಳ್ಳುವ ಕೆಲಸವನ್ನು ಯಾರಿಗೂ ವಹಿಸಿಲ್ಲ. ತಾನಾಗಿ ಉಳಿಯುವ ನೆನಪಿಗೆ ನಾವು ಬೇಕಾಗುವುದು ಕಡಿಮೆ. ತಾನಾಗಿ ಉಳಿಯದ ನೆನಪಿಗೆ ನಮ್ಮ ಅಗತ್ಯ ಹೆಚ್ಚು. ನಾನು ಮಾಡಿದ್ದು ಇದಕ್ಕೆ ತಿರುಗುಮುರುಗು. ಏಳು ತಲೆಮಾರಿನ ಹೆಸರುಗಳನ್ನು ಟೇಪಿನಲ್ಲಿ ತುಂಬಿಕೊಳ್ಳುತ್ತಾ, ಒಂದೇ ಬಕೆಟ್ಟಿನಲ್ಲಿ ಮಿಂದವಳ ವಿಳಾಸ ಕಳೆದುಕೊಂಡಿದ್ದೆ.

ಇದರ ಪರಿಣಾಮ ನನ್ನೊಬ್ಬಳ ಮನಸ್ಸಿಗೆ ಸೀಮಿತವಾಗಿಲ್ಲ. ಕೊಡಗಿನ ಹಾಕಿಯ ಚರಿತ್ರೆ ಬರೆಯುವಾಗಲೂ ಇದೇ ಆಗುವ ಅಪಾಯವಿದೆ. ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ ಅವರಂಥ ಒಲಿಂಪಿಯನ್ನರ ಹೆಸರನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ, ಹೇಳಲೇಬೇಕು. ಅದೇ ಜಿಲ್ಲೆಯ ಸೋಮವಾರಪೇಟೆಯಿಂದ ಬಂದವರು ಎಸ್.ವಿ. ಸುನಿಲ್. ಬಡಗಿಯೊಬ್ಬರ ಮಗ. ಎರಡು ಒಲಿಂಪಿಕ್ಸ್ ಆಡಿದರು, 2014ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲಿದ್ದರು. ಅವರ ಹೆಸರಿನ ಮುಂದೆ ಮನೆಪೆದವಿಲ್ಲ. ಹಾಕಿ ಈ ಜಿಲ್ಲೆಯಲ್ಲಿ ಒಕ್ಕಗಳಿಂದ ಬೆಳೆದದ್ದು ಎಷ್ಟು ನಿಜವೋ, ಶಾಲೆಯ ಬಯಲುಗಳಲ್ಲಿ, ಕ್ರೀಡಾ ಶಾಲೆಗಳಲ್ಲಿ, ಯಾರ ಮಕ್ಕಳು ಎಂದು ಕೇಳದೆ ಸ್ಟಿಕ್ಕು ಕೊಟ್ಟ ತರಬೇತುದಾರರಿಂದ ಬೆಳೆದದ್ದೂ ಅಷ್ಟೇ ನಿಜ. ಮೊದಲನೆಯದಕ್ಕೆ ಕಪ್ಪಿದೆ, ಹೆಸರಿದೆ, ದಾಖಲೆಯಿದೆ. ಎರಡನೆಯದಕ್ಕೆ ಇದ್ದದ್ದು ನೆಲದ ಗುಳಿಗಳು. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಿಂದ ಹಾಕಿ ಕೃತಕ ಹುಲ್ಲಿಗೆ ಏರಿತು. ಕೊಡಗಿಗೂ ಟರ್ಫ್ ಬಂತು, ಬರಬೇಕಾದ್ದೇ. ಟರ್ಫಿನ ಮೇಲೆ ಚೆಂಡು ಅಡ್ಡಾದಿಡ್ಡಿ ಪುಟಿಯುವುದಿಲ್ಲ, ಮಳೆಗೆ ಕೆಸರಾಗುವುದಿಲ್ಲ. ಆದರೆ ಟರ್ಫಿನಲ್ಲಿ ಗುಳಿಯೂ ಬೀಳುವುದಿಲ್ಲ. ಹಾಗಾಗಿ ನೆಲ ಮಾಡುತ್ತಿದ್ದ ಕೆಲಸವನ್ನು ಇನ್ನು ಮನುಷ್ಯರೇ ಮಾಡಬೇಕು.

ಒಂದು ಆಕ್ಷೇಪವನ್ನು ನಾನೇ ಎತ್ತಿಕೊಳ್ಳುತ್ತೇನೆ. ಬದುಕಿನಲ್ಲಿ ನಾವು ಎಷ್ಟೋ ಗುಂಪುಗಳಲ್ಲಿ ಇದ್ದು ಬರುತ್ತೇವೆ. ಬಸ್ಸಿನ ಸಹಪ್ರಯಾಣಿಕರು, ಪರೀಕ್ಷಾ ಕೊಠಡಿಯ ಪಕ್ಕದವರು. ಎಲ್ಲರ ಋಣವನ್ನೂ ಹೊರುತ್ತಾ ಹೋದರೆ ಬದುಕುವುದು ಹೇಗೆ? ಮರೆಯುವುದೂ ಒಂದು ಹಕ್ಕಲ್ಲವೇ? ನಿಜ. ಆದರೆ ಬಸ್ಸಿನವರು ನನ್ನ ಸೋಲನ್ನು ತಮ್ಮ ಸೋಲೆಂದುಕೊಳ್ಳಲಿಲ್ಲ. ಗೋಲಿ ಅಂದುಕೊಂಡಿದ್ದಳು. ನಾನು ಬಿಟ್ಟ ಚೆಂಡನ್ನು ತಡೆಯಲು ಅವಳು ತನ್ನ ಮೈಯನ್ನು ನೆಲಕ್ಕೆ ಎಸೆದಿದ್ದಾಳೆ, ಒಂದಲ್ಲ, ನೂರು ಸಲ. ಒಬ್ಬರ ತಪ್ಪನ್ನು ಇನ್ನೊಬ್ಬರು ಲೆಕ್ಕವಿಡದೆ ತುಂಬಿಕೊಡುವ ಕೂಟವನ್ನು ತಂಡ ಎನ್ನುತ್ತೇವೆ. ಅಂಥ ಕಡೆ ಹುಟ್ಟುವ ಋಣಕ್ಕೆ ವಯಸ್ಸಿನ ಮಿತಿ ಇರುವುದಿಲ್ಲ. ತಂಡದ ಅವಧಿ ಮುಗಿಯಬಹುದು, ತಂಡದಲ್ಲಿ ಇದ್ದದ್ದು ಮುಗಿಯುವುದಿಲ್ಲ.

ಹಾಗಾದರೆ ಆ ಋಣ ತೀರಿಸುವುದು ಹೇಗೆ? ಮತ್ತೆ ಒಟ್ಟಿಗೆ ಆಡಲಾಗುವುದಿಲ್ಲ, ಮರಳಿ ಹದಿನೇಳಾಗುವುದಿಲ್ಲ. ಉತ್ತರದ ಎಳೆ ನನಗೆ ಸಿಕ್ಕಿದ್ದು ನನ್ನ ಸಂಶೋಧನೆಯ ವಿಷಯದಲ್ಲೇ. ಕೊಡವ ಮದುವೆಯಲ್ಲಿ ಎರಡೂ ಕಡೆಯ ಅರುವರು ಎದುರುಬದುರು ನಿಂತು, ಹೆಣ್ಣಿನ ಹಕ್ಕನ್ನು ಒಂದು ಒಕ್ಕದಿಂದ ಇನ್ನೊಂದು ಒಕ್ಕಕ್ಕೆ ಮಾತಿನ ಮೂಲಕ ಒಪ್ಪಿಸಿಕೊಡುವ ಶಾಸ್ತ್ರವಿದೆ. ನಾವು ರಕ್ತ ಎಂದು ತಿಳಿದಿರುವ ಒಕ್ಕದ ಒಳಗೇ, ಬರಿಯ ಮಾತಿನಿಂದ ಸೇರಿದವರು ಪ್ರತಿ ತಲೆಮಾರಿನಲ್ಲೂ ಇದ್ದಾರೆ. ನನ್ನ ಅವ್ವ, ಅಜ್ಜಿ, ಮುತ್ತಜ್ಜಿ ಎಲ್ಲರೂ ಹಾಗೆ ಬಂದವರೇ. ಸಾಕ್ಷಿಗಳ ಮುಂದೆ ಆಡಿದ ಮಾತಿಗೆ ಒಬ್ಬರನ್ನು 'ನಮ್ಮವರು' ಮಾಡುವ ಬಲವಿದೆ ಎಂದು ನನ್ನ ಸಮುದಾಯ ನಂಬಿಕೊಂಡೇ ಬಂದಿದೆ. ಹಾಗಿದ್ದರೆ ಹಾಸ್ಟೆಲ್ ತಂಡಕ್ಕೆ ನಾನು ಕೊಡಬಹುದಾದದ್ದೂ ಅದನ್ನೇ: ಮಾತು. ಇವಳಿದ್ದಳು, ಹೀಗೆ ಆಡುತ್ತಿದ್ದಳು, ನಾನು ನೋಡಿದ್ದೇನೆ ಎಂದು ಕೇಳುವವರ ಮುಂದೆ ಹೇಳುವುದು. ಅದರಿಂದ ಗೋಲಿಗೆ ಒಕ್ಕ ಸಿಗುವುದಿಲ್ಲ, ಅವಳಿಗೆ ಬೇಕಾಗಿಯೂ ಇಲ್ಲ. ಅವಳು ಕೇಳಿದ್ದು 'ನಮ್ಮ ಟೀಮಿನವರು ಸಿಗ್ತಾರಾ' ಎಂದಷ್ಟೇ.

ಹೋದ ತಿಂಗಳು ಒಂದು ನೋಟ್‌ಬುಕ್ಕಿನಲ್ಲಿ ನಮ್ಮ ತಂಡದ ಪಟ್ಟಿ ಬರೆಯಲು ಕೂತೆ. ಹದಿನೆಂಟು ಜನರಲ್ಲಿ ಹದಿನಾಲ್ಕು ಹೆಸರು ನೆನಪಾದವು. ಉಳಿದವಕ್ಕೆ ಗೋಲಿಗೆ ಫೋನ್ ಮಾಡಿದೆ. ಮೂರು ಹೆಸರನ್ನು ಥಟ್ಟನೆ ಹೇಳಿದಳು. ಒಬ್ಬಳ ಹೆಸರು ಅವಳಿಗೂ ಬರಲಿಲ್ಲ. ಎಡಗಡೆ ಆಡುತ್ತಿದ್ದಳು, ಚಳಿಗಾಲದಲ್ಲಿ ಅವಳಿಗೆ ತುಟಿ ಒಡೆಯುತ್ತಿತ್ತು ಎಂಬುದು ಇಬ್ಬರಿಗೂ ನೆನಪಿತ್ತು. ಹುಡುಕೋಣ ಎಂದುಕೊಂಡೆವು.

ಮೈದಾನ ಸಮ ಮಾಡಿದ್ದನ್ನು, ಅವಳ ಗುಳಿ ಮುಚ್ಚಿಹೋದದ್ದನ್ನು ಹೇಳಿದೆ. ಬೇಸರಪಡುತ್ತಾಳೆಂದುಕೊಂಡಿದ್ದೆ.

"ಅದೇನು ನಾನು ಮಾಡಿದ್ದಾ?" ಎಂದಳು. "ನಾನು ಸೇರೋಕೆ ಮುಂಚೆನೇ ಇತ್ತಲ್ಲ. ನಂಗೆ ಅದರಲ್ಲಿ ನಿಂತ್ಕೊಳ್ಳೋದು ಹೇಳಿಕೊಟ್ಟಿದ್ದು ನಮಗಿಂತ ಮುಂಚೆ ಕೀಪರ್ ಆಗಿದ್ದ ಅಕ್ಕ. ಕಾಲು ಗುಳಿ ಒಳಗಿಡಬೇಡ, ಅಂಚಿಗಿಡು, ಜಿಗಿಯೋಕೆ ಆಸರೆ ಸಿಗುತ್ತೆ ಅಂದಿದ್ರು. ನಮ್ಮ ಮಕ್ಕಳಿಗೂ ಹಂಗೇ ಹೇಳ್ತೀನಿ."

ಆ ಅಕ್ಕನ ಹೆಸರು ಕೇಳಿದೆ. ಹೇಳಿದಳು. ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಜಾಗ ಮಾಡಿ ಅದನ್ನೂ ಬರೆದುಕೊಂಡೆ.